ಸಾವ್ಕಾರರ ಕೋಟೆಗೆ ಯಾರೂ ನುಗ್ಗಲಿಲ್ಲ

2023ರ ಆಗಸ್ಟ್ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ. ಸ್ಥಳ: ಕಲಬುರಗಿಯ ನಂದೂರ ಕೈಗಾರಿಕಾ ಪ್ರದೇಶದ ಒಂದು ಬೇಳೆ ಮಿಲ್ಲಿನ ಮೇಲ್ಮಹಡಿ. ಹಾಜರಿರಬೇಕಾದವರು ಐವರು. ಮಿಲ್ಲಿಗೂ ಕಂಪನಿಗೂ ಮಾಲೀಕನಾದ ಶಿವಶರಣಪ್ಪ, ನಕ್ಷೆ ಮಾಡುವ ಸುಜಾತಾ, ಪ್ರೋಗ್ರಾಮ್ ಬರೆಯುವ ಇರ್ಫಾನ್, ಬೆಂಗಳೂರಿನಿಂದ ಹಿಂದಿನ ದಿನ ಬಂದಿಳಿದಿದ್ದ ಸಲಹೆಗಾರ ನಿಖಿಲ್ ಮತ್ತು ನಾನು. ಒಂಬತ್ತಕ್ಕೆ ಕರೆದ ಸಭೆಗೆ ಒಂಬತ್ತಕ್ಕೆ ಬಂದವಳು ನಾನೊಬ್ಬಳೇ. ಉಳಿದವರು ಸೂಸಲಾ ಮಿರ್ಚಿಯ ತಿಂಡಿ ಮುಗಿಸಿ, ಕೈ ಒರೆಸಿಕೊಳ್ಳುತ್ತ ಒಂಬತ್ತೂವರೆಗೆ ಬಂದರು.

ನಾನು ಸರ್ಕಾರಿ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಕಿಯಾಗಿದ್ದವಳು. ಜೊತೆಗೆ ಕಬಡ್ಡಿ ಅಂಪೈರ್. ನಿವೃತ್ತಿಯಾದ ಮೇಲೆ ಹಳೆಯ ವಿದ್ಯಾರ್ಥಿ ಶಿವಶರಣಪ್ಪ ತನ್ನ ಹೊಸ ಕಂಪನಿಗೆ ಕರೆದ. ಅಪ್ಪನಿಂದ ಬಂದ ಮಿಲ್ಲಿನ ಮೇಲೆ ಕಂಪ್ಯೂಟರ್ ಆಟ ತಯಾರಿಸುವ ಕಂಪನಿ. ನನ್ನ ಹುದ್ದೆ ಟೆಸ್ಟಿಂಗ್ ಮುಖ್ಯಸ್ಥೆ. ಅಂದರೆ ತಯಾರಾದ ಆಟವನ್ನು ಬೇರೆ ಬೇರೆಯವರಿಂದ ಆಡಿಸಿ, ಎಲ್ಲಿ ಒಬ್ಬರಿಗೆ ಅನ್ಯಾಯವಾಗಿ ಲಾಭವಾಗುತ್ತದೆ ಎಂದು ಕಂಡುಹಿಡಿದು ಸರಿದೂಗಿಸುವುದು. ಇದಕ್ಕೆ ಬ್ಯಾಲೆನ್ಸ್ ಮಾಡುವುದು ಎನ್ನುತ್ತಾರೆ. ಮಕ್ಕಳ ಆಟಕ್ಕೆ ಇಂಗ್ಲಿಷ್ ಹೆಸರಿಟ್ಟು ದೊಡ್ಡವರು ಸಂಬಳ ಎಣಿಸಿಕೊಳ್ಳುವ ಉದ್ಯೋಗ ಇದು ಎಂದು ಮೊದಲ ದಿನ ಅನ್ನಿಸಿತ್ತು. ಆಮೇಲೆ ಆ ಅಭಿಪ್ರಾಯ ಹೆಚ್ಚೇನೂ ಬದಲಾಗಲಿಲ್ಲ. ಆದರೆ ಅನ್ಯಾಯದ ಆಟ ಎಲ್ಲಿ ನಡೆದರೂ ನನ್ನ ಕೈ ಕೊರಳಿನ ಸೀಟಿಗೆ ಹೋಗುತ್ತದೆ.

ಆಟ ಹೀಗಿತ್ತು. ಉತ್ತರದಲ್ಲೊಂದು ಕೋಟೆ, ದಕ್ಷಿಣದಲ್ಲೊಂದು ಕೋಟೆ. ನಡುವೆ ಗುಡ್ಡಗಳ ಸಾಲು, ಬುಡದಲ್ಲಿ ಕಲ್ಲುಗಣಿಗಳು, ದಾಟಲು ಒಂದೇ ಒಂದು ಘಾಟು. ಎರಡೂ ಕಡೆ ಒಂದೊಂದು ಮಾಯದ ಬಾವಿ. ಬಾವಿಯ ಹತ್ತಿರ ದಂಡು ಇಟ್ಟರೆ ಸರದಿಗೊಮ್ಮೆ ಮಂತ್ರಶಕ್ತಿ ಸಿಗುತ್ತದೆ. ಆ ಶಕ್ತಿಯಿಂದ ಸಿಡಿಲು ಕೆಡವಬಹುದು, ಮಂಜು ಕವಿಸಬಹುದು, ಇಲ್ಲವೆ ಮಾಯಾದ್ವಾರ ತೆರೆದು ದಂಡನ್ನು ಬೇಕಾದಲ್ಲಿಗೆ ಸಾಗಿಸಬಹುದು. ಎದುರಾಳಿಯ ಕೋಟೆ ಹಿಡಿದವರು ಗೆದ್ದರು. ನಕ್ಷೆಯ ಗುಡ್ಡಗಳನ್ನು ಸುಜಾತಾ ತನ್ನೂರು ಕಮಲಾಪುರದ ಗುಡ್ಡಗಳನ್ನು ನೋಡಿಯೇ ಮಾಡಿದ್ದಳು. ಯಾವ ಏರಿನಲ್ಲಿ ಕಾಲು ಸೋಲುತ್ತದೆ, ಯಾವ ತಿರುವಿನಲ್ಲಿ ಎದುರಿನವರು ಕಾಣುವುದಿಲ್ಲ ಎನ್ನುವುದೆಲ್ಲ ಅದರಲ್ಲಿತ್ತು.

ಸಂಜೆ ಆರರೊಳಗೆ ಆಟದ ಕೊನೆಯ ರೂಪ ಮಾರಾಟದ ಕಂಪನಿಗೆ ಹೋಗಬೇಕಿತ್ತು. ತೊಂದರೆ ಇದ್ದದ್ದು ಒಂದು: ನಮ್ಮ ಆಫೀಸಿನಲ್ಲಿ ಆಡಿದ ಆಟಗಳಲ್ಲಿ ಬಹುಪಾಲು ಉತ್ತರದ ಕೋಟೆಯೇ ಗೆಲ್ಲುತ್ತಿತ್ತು. ನಿಖಿಲ್ ಗೋಡೆಯ ಮೇಲೆ ಲೆಕ್ಕದ ಚಿತ್ರ ಬಿಟ್ಟು, ಉತ್ತರದ ಗೆಲುವಿನ ಉದ್ದ ಕಂಬಕ್ಕೂ ದಕ್ಷಿಣದ ಗಿಡ್ಡ ಕಂಬಕ್ಕೂ ಕಡ್ಡಿ ತೋರಿಸಿದ.

"ಡೇಟಾ ಕ್ಲಿಯರ್ ಆಗಿದೆ ಮೇಡಂ. ಪ್ರಾಬ್ಲಮ್ ಮ್ಯಾಪ್‌ನಲ್ಲಿದೆ. ಈ ಗುಡ್ಡ, ಘಾಟು ಎಲ್ಲ ತೆಗೆದು ನನ್ನ ಹತ್ತಿರ ಇರೋ ರೆಡಿ ಮ್ಯಾಪ್ ಹಾಕೋಣ. ಜೊತೆಗೆ ಮ್ಯಾಜಿಕ್ ಡಬಲ್ ಮಾಡೋಣ. ಸಿಡಿಲು ಡಬಲ್, ಮಂಜು ಡಬಲ್, ಒಂದು ಡ್ರ್ಯಾಗನ್. ಜನಕ್ಕೆ ಮಜಾ ಬರುತ್ತೆ."

ಸಾರಿಗೆ ಉಪ್ಪು ಹೆಚ್ಚಾಯಿತೆಂದರೆ ಮೇಲೊಂದು ಹಿಡಿ ಖಾರ ಸುರಿಯುವ ಅಡುಗೆಯವರನ್ನು ಮದುವೆಮನೆಗಳಲ್ಲಿ ನೋಡಿದ್ದೆ. ಅವರಿಗೆ ಸಲಹೆಗಾರ ಎಂಬ ಪದವಿಯೂ ಇದೆ ಎಂದು ಅಂದು ತಿಳಿಯಿತು. ಗುಡ್ಡವೇ ಇಲ್ಲದ ಬಯಲು, ಅದರ ಮೇಲೊಂದು ಡ್ರ್ಯಾಗನ್. ಅದಕ್ಕೆ ಆಟಗಾರರಾದರೂ ಏಕೆ ಬೇಕು?

ಶಿವಶರಣಪ್ಪ ಸುಜಾತಾಳ ಮುಖ ನೋಡದೆ ಹೇಳಿದ: "ನಕ್ಷಾ ಹೋದ್ರ ನಿನಗ ಇಲ್ಲಿ ಕೆಲಸ ಏನು ಉಳೀತದ ನನಗೂ ತಿಳೀವಲ್ದು, ಸುಜಾತಾ."

ಸುಜಾತಾ ಮೇಜಿನ ಅಂಚಿಗೆ ಏನೋ ಹೇಳಿದಳು. ಅವಳ ಅಭ್ಯಾಸವೇ ಅದು. ಮಾತಾಡುವುದು ಮೇಜಿಗೆ, ಇಲ್ಲದಿದ್ದರೆ ಗೋಡೆಗೆ. ಇಷ್ಟು ಒಳ್ಳೆಯ ನಕ್ಷೆ ಮಾಡಬಲ್ಲವಳಿಗೆ ದನಿ ಎತ್ತಲು ಬಾರದೆಂದರೆ ನನಗೆ ಕನಿಕರ ಬರುವುದಿಲ್ಲ, ಸಿಟ್ಟು ಬರುತ್ತದೆ.

"ಅಂಗಳ ಬದಲ್ ಮಾಡೀರೇನು?" ಎಂದು ನಾನು ಕೇಳಿದೆ.

ಕಬಡ್ಡಿಯಲ್ಲಿ ಅರ್ಧ ಆಟ ಮುಗಿದ ಮೇಲೆ ತಂಡಗಳು ಅಂಗಳ ಬದಲಿಸುತ್ತವೆ. ಸೂರ್ಯ ಕಣ್ಣಿಗೆ ಹೊಡೆಯುವುದು, ನೆಲದ ಇಳಿಜಾರು, ಕೂಗುವ ಜನ, ಎಲ್ಲ ಇಬ್ಬರಿಗೂ ಸಮನಾಗಿ ಸಿಗಲಿ ಎಂದು. ಐದನೇ ಇಯತ್ತೆಯ ಮಗುವಿಗೂ ಗೊತ್ತಿರುವ ನಿಯಮ. ನನ್ನ ಪ್ರಶ್ನೆಗೆ ಎಲ್ಲರ ಕಣ್ಣೂ ಒಂದು ಕುರ್ಚಿಯ ಕಡೆ ಹೋದವು.

ಉತ್ತರದ ಕೋಟೆಯ ಕಂಪ್ಯೂಟರ್ ಕೂಲರಿನ ಮುಂದಿತ್ತು. ಅದರ ಮುಂದೆ ಮೆತ್ತೆ ಹಾಕಿದ, ಚಕ್ರದ, ಎತ್ತರದ ಬೆನ್ನಿನ ಕುರ್ಚಿ. ಅದು ಮಾಲೀಕನ ಕುರ್ಚಿ. ಮೊದಲ ದಿನದಿಂದ ಉತ್ತರವನ್ನು ಆಡಿದವನು ಶಿವಶರಣಪ್ಪ ಒಬ್ಬನೇ. ದಕ್ಷಿಣದಲ್ಲಿ ಪ್ಲಾಸ್ಟಿಕ್ ಸ್ಟೂಲು. ಅದರ ಮೇಲೆ ಒಮ್ಮೆ ಇರ್ಫಾನ್, ಒಮ್ಮೆ ಸುಜಾತಾ. ನನಗೆ ಸಂಜೆ ಕೊಡುತ್ತಿದ್ದದ್ದು ಗೆಲುವು ಸೋಲಿನ ಲೆಕ್ಕ ಮಾತ್ರ. ಆಟ ನಡೆಯುವಾಗ ಒಳಗೆ ಕೂಡ್ರಬೇಡಿ, ನೀವಿದ್ದರೆ ಹುಡುಗರಿಗೆ ಸಾಲಿಯ ನೆನಪಾಗುತ್ತದೆ ಎಂದು ಶಿವು ನನ್ನನ್ನು ಹೊರಗಿಟ್ಟಿದ್ದ.

"ಏಳೋ ಶಿವು. ಇರ್ಫಾನ್, ನೀ ಅಲ್ಲಿ ಕೂಡು."

ಇರ್ಫಾನ್ ಆ ಕುರ್ಚಿಯ ತುದಿಯಲ್ಲಿ, ಡಾಕ್ಟರ ಮುಂದೆ ಕೂತ ರೋಗಿಯಂತೆ ಕೂತ. ಶಿವಶರಣಪ್ಪ ದಕ್ಷಿಣದ ಸ್ಟೂಲಿಗೆ ಹೋದ. ಆಟ ಶುರುವಾಯಿತು. ನಾನು ಬೆನ್ನ ಹಿಂದೆ ನಿಂತೆ. ಅವನ ದಂಡು ಘಾಟು ದಾಟಿತು. ಎದುರಿಗೆ ಮಾಲೀಕನ ಕೋಟೆ ಹಾಳುಬಿದ್ದ ಛತ್ರದಂತೆ ತೆರೆದಿತ್ತು. ಕಾವಲಿಗೆ ಒಬ್ಬ ಬಿಲ್ಲುಗಾರನೂ ಇರಲಿಲ್ಲ. ಇರ್ಫಾನ್ ದಂಡನ್ನು ತಿರುಗಿಸಿ, ಪಕ್ಕದ ಕಲ್ಲುಗಣಿಯಲ್ಲಿ ಕಲ್ಲು ಒಡೆಯಲು ಹಚ್ಚಿದ. ಅಷ್ಟರಲ್ಲಿ ಮಾಲೀಕ ನಿಧಾನವಾಗಿ ಬಂದು ಉತ್ತರದ ಕೋಟೆ ಹಿಡಿದ. ಈ ಸಲ ಗೆದ್ದದ್ದು ದಕ್ಷಿಣ.

"ಬಾಗ್ಲಾ ತೆರದಿತ್ತಲ್ಲೋ, ಯಾಕ ಹೋಗಲಿಲ್ಲ?"

ಇರ್ಫಾನ್ ತಲೆ ಕೆರೆದುಕೊಂಡ. "ಟೀಚರ್, ಅದು ಸಾವ್ಕಾರ್ರ ಕ್ವಾಟಿ ಅದ ರೀ. ಒಮ್ಮಿಗೇ ಹ್ಯಾಂಗ್ ನುಗ್ಗಬೇಕು?"

ನಾನು ಅಂಪೈರ್ ಆಗಿದ್ದಾಗ ಹಳ್ಳಿಯ ಪಂದ್ಯಗಳಲ್ಲಿ ಇದನ್ನು ಎಷ್ಟು ಸಲ ಕಂಡಿಲ್ಲ! ಬಹುಮಾನದ ಢಾಲು ಕೊಟ್ಟವರ ಮಗ ರೇಡಿಗೆ ಬಂದರೆ ಏಳು ಜನ ಹಿಡಿಯುವವರೂ ಕಾಲು ಜಾರಿ ಬೀಳುತ್ತಾರೆ. ಹುಡುಗ ತನ್ನನ್ನು ಹುಲಿ ಎಂದುಕೊಂಡು ಜಿಲ್ಲಾ ಪಂದ್ಯಕ್ಕೆ ಬರುತ್ತಾನೆ. ಅಲ್ಲಿ ಮೊದಲ ರೇಡಿಗೇ ಅವನ ಮಂಡಿ ತರಚಿಹೋಗುತ್ತದೆ. ದೊಡ್ಡ ಮನೆತನಕ್ಕೆ ಬಿಟ್ಟುಕೊಡುವ ಈ ರೋಗ ಈಗ ಕಂಪ್ಯೂಟರಿಗೂ ಅಂಟಿತ್ತು. ಬೆಂಗಳೂರಿನ ಬುದ್ಧಿವಂತ ಅದಕ್ಕೆ ಕಂಬದ ಚಿತ್ರ ಬರೆದು ಗುಡ್ಡದ ಮೇಲೆ ಅಪವಾದ ಹೊರಿಸಿದ್ದ.

ಶಿವಶರಣಪ್ಪನ ಮುಖ ಕೆಂಪಾಯಿತು. "ಅಂದ್ರ ನೀವೆಲ್ಲ ನನಗ ಬಿಟ್ಟುಕೊಡ್ಲಾಕತ್ತಿದ್ರೇನು? ಸುಳ್ಳು. ನಾ ಆಡಿ ಗೆದ್ದೀನಿ. ಟೀಚರ್, ಬೇಕಾದವ್ರನ್ನ ಕರಸ್ರಿ. ನನ್ನ ಪರಿಚಯ ಇಲ್ಲದವ್ರನ್ನ. ಆಡಿ ತೋರಿಸ್ತೀನಿ."

"ಕರಸೋದ್ಯಾಕ? ನಾವೇ ಹೋಗೋಣ. ಕಾರ್ ತಗಿ."

ಮಧ್ಯಾಹ್ನ ಹನ್ನೆರಡಕ್ಕೆ ಎರಡು ಲ್ಯಾಪ್‌ಟಾಪ್ ಹಿಡಿದು ಐವರೂ ಹೊರಟೆವು. ಕಮಲಾಪುರದ ಒಂದು ಶಾಲೆಯಲ್ಲಿ ರೇಣುಕಾ ದೈಹಿಕ ಶಿಕ್ಷಕಿ. ಅವಳೂ ನನ್ನ ವಿದ್ಯಾರ್ಥಿನಿಯೇ, ಆದರೆ ಬೇರೆ ಶಾಲೆಯವಳು; ಒಂದು ಕಾಲದ ಜಿಲ್ಲೆಯ ಉತ್ತಮ ರೇಡರ್. ಶನಿವಾರ ಬೆಳಗಿನ ಶಾಲೆ. ಮಧ್ಯಾಹ್ನ ಕೋಣೆಗಳು ಖಾಲಿ. ದಾರಿಯುದ್ದಕ್ಕೂ ನಿಖಿಲ್ ನೆಟ್‌ವರ್ಕ್ ಇಲ್ಲವೆಂದು ಫೋನನ್ನು ಕಿಟಕಿಯಿಂದ ಹೊರಗೆ ಹಿಡಿದಿದ್ದ. ಘಾಟು ಇಳಿಯುವಾಗ ಸುಜಾತಾ ಒಂದು ತಿರುವನ್ನು ತೋರಿಸಿ, "ನಕ್ಷಾದಾಗಿಂದು ಇದೇ ರೀ" ಎಂದಳು. ನಿಖಿಲ್ ಫೋನಿನಿಂದ ಕಣ್ಣು ತೆಗೆಯಲಿಲ್ಲ. ಯಾವುದನ್ನು ಅಳಿಸಬೇಕೆಂದು ಹೇಳಿದ್ದನೋ ಅದರ ಮೇಲೇ ಹಾದುಹೋಗುತ್ತಿದ್ದರೂ ನೋಡುವಷ್ಟು ಕುತೂಹಲ ಅವನಿಗಿರಲಿಲ್ಲ.

ರೇಣುಕಾ ಸೆರಗು ಸಿಕ್ಕಿಸಿಕೊಂಡು ಬೆಂಚಿನ ಮೇಲೆ ಕೂತಳು. ಕಂಪ್ಯೂಟರ್ ಆಟ ಅವಳಿಗೆ ಹೊಸದಲ್ಲ; ಮನೆಯಲ್ಲಿ ಅಣ್ಣನ ಮಕ್ಕಳ ಜೊತೆ ಆಡುತ್ತಿದ್ದಳು. ನಿಯಮಗಳನ್ನು ಹೇಳಲು ಇರ್ಫಾನನಿಗೆ ಕಾಲು ಗಂಟೆ ಹಿಡಿಯಿತು.

"ಎದುರಿಗೆ ಕೂತವ್ರು ಯಾರು ರೀ, ಟೀಚರ್?"

"ಯಾರರ ಇರಲಿ. ಎದುರಿಗೆ ಕೂತಾರಲ್ಲ, ಅಷ್ಟು ಸಾಕು."

ಮೊದಲ ಆಟದಲ್ಲಿ ಅವಳದು ದಕ್ಷಿಣ, ಶಿವಶರಣಪ್ಪನದು ಉತ್ತರ. ಮಾಲೀಕ ಎಂದಿನಂತೆ ಕೋಟೆಯ ಬಾಗಿಲು ತೆರೆದಿಟ್ಟು ಗಣಿಗಳ ಕಡೆ ಹೋದ. ರೇಣುಕಾ ಘಾಟು ದಾಟಿ ನೇರ ಒಳಗೆ ನಡೆದು ಕೋಟೆ ಹಿಡಿದಳು. "ಇವ್ರ ಮನಿಗೆ ಬಾಗ್ಲಾ ಹಾಕೋ ರೂಢಿ ಇಲ್ಲೇನು?" ಎಂದಳು. ಇರ್ಫಾನ್ ಕೆಮ್ಮಿದ. ಸುಜಾತಾ ಕಿಟಕಿಯ ಹೊರಗೆ ನೋಡಿದಳು.

ಅಂಗಳ ಬದಲಾಯಿತು. ಈಗ ರೇಣುಕಾ ಉತ್ತರಕ್ಕೆ. ಈ ಸಲ ಮಾಲೀಕ ಕೋಟೆಗೆ ಕಾವಲಿಟ್ಟು, ಘಾಟಿಗೆ ದಂಡು ಕಳಿಸಿದ. ರೇಣುಕಾ ಮಾಡಿದ್ದು ಏನೂ ಇಲ್ಲ. ಬಾವಿಯ ಹತ್ತಿರ ದಂಡು ಇಟ್ಟು, ಸರದಿ ಬಂದಾಗಲೆಲ್ಲ ಮುಂದೆ ಎನ್ನುವ ಗುಂಡಿ ಒತ್ತಿ ಕೂತಳು. ಶಕ್ತಿ ರಾಶಿಯಾದ ಮೇಲೆ ಒಂದೇ ಏಟಿಗೆ ಮಾಯಾದ್ವಾರ ತೆರೆದು, ಇಡೀ ದಂಡನ್ನು ಮಾಲೀಕನ ಕೋಟೆಯ ಒಳ ಅಂಗಳಕ್ಕೇ ಇಳಿಸಿದಳು. ಆಟ ಮುಗಿಯಿತು.

"ನೋಡಿ, ಉತ್ತರ ಗೆಲ್ತು!" ಎಂದ ನಿಖಿಲ್, ಸ್ವಂತ ಗುಡಾಣದಲ್ಲಿ ಹೊನ್ನು ಸಿಕ್ಕವನಂತೆ.

"ಮೊದಲಿಂದು ದಕ್ಷಿಣ ಗೆದ್ದಾಗ ನೀವು ಎಲ್ಲಿದ್ರಿ?" ಎಂದೆ. "ಎರಡೂ ಅಂಗಳದಿಂದ ಗೆದ್ದಾಕಿ ಒಬ್ಬಾಕಿ. ಎರಡೂ ಅಂಗಳದಾಗ ಸೋತಾಂವ ಒಬ್ಬಾಂವ. ಇದರಾಗ ಗುಡ್ಡದ ತಪ್ಪೇನದ?"

ರೇಣುಕಾಳಿಗೆ ಮಾತ್ರ ಗೆದ್ದ ಖುಷಿ ಇರಲಿಲ್ಲ. "ಟೀಚರ್, ಇದೇನ್ ಆಟ ರೀ? ಹತ್ತೂದಿಲ್ಲ, ಇಳ್ಯೂದಿಲ್ಲ, ಕುಂತಲ್ಲೇ ಗೆಲ್ಲೂದು. ನಡಿಯೂದೇ ಬ್ಯಾಡಂದ್ರ ಇಷ್ಟು ಚಂದ ಗುಡ್ಡ ಯಾಕ ಮಾಡ್ಯಾರ?"

ಆಗ ಸುಜಾತಾ, ಮೇಜಿಗಲ್ಲ, ಮನುಷ್ಯರಿಗೆ ಹೇಳಿದಳು: "ಅದನ್ನೇ ನಾ ಮೊದ್ಲಿಂದ ಹೇಳ್ಲಾಕತ್ತೀನಿ ರೀ. ಮಾಯಾದ್ವಾರಕ್ಕ ಹತ್ತಿರಾನೂ ಒಂದೇ ರೇಟು, ದೂರಾನೂ ಒಂದೇ ರೇಟು. ನನ್ನ ನಕ್ಷಾ ಯಾರೂ ಸರಿಯಾಗಿ ತುಳದೇ ಇಲ್ಲ. ತುಳೀಲಾರದ ದಾರಿ ಕೆಟ್ಟದ ಅಂತ ಹ್ಯಾಂಗ್ ಅಂತೀರಿ?"

"ಇಷ್ಟು ದಿನ ಈ ದನಿ ಎಲ್ಲಿ ಇಟ್ಟಿದ್ದಿ?" ಎಂದೆ. ಉತ್ತರಕ್ಕೆ ಕಾಯಲು ಹೊತ್ತಿರಲಿಲ್ಲ.

ಕಬಡ್ಡಿಯಲ್ಲೂ ಒಂದು ಕಾಲಕ್ಕೆ ಇದೇ ಪೀಡೆ ಇತ್ತು. ಮುಂದಿರುವ ತಂಡದ ರೇಡರ್ ಬಂದು, ಗೆರೆ ಮುಟ್ಟಿ, ಯಾರನ್ನೂ ಕೆಣಕದೆ ಮರಳುವುದು. ಅದು ಖಾಲಿ ರೇಡ್. ನೋಡುವವರು ಆಕಳಿಸುತ್ತಿದ್ದರು. ಅದಕ್ಕೆ ಮದ್ದಾಗಿ ಬಂದದ್ದು ಒಂದು ಸಣ್ಣ ನಿಯಮ: ಎರಡು ಸಲ ಖಾಲಿ ಹೋದರೆ ಮೂರನೆಯ ಸಲ ಅಂಕ ತರಲೇಬೇಕು, ಇಲ್ಲದಿದ್ದರೆ ಔಟ್. ಅಂಗಳ ಅಗೆಯಲಿಲ್ಲ, ಆಟಗಾರರಿಗೆ ಕೊಂಬು ಹಚ್ಚಲಿಲ್ಲ. ಕೂತು ತಿನ್ನುವುದನ್ನು ನಿಲ್ಲಿಸಿದರು, ಅಷ್ಟೇ.

ಇರ್ಫಾನನಿಗೆ ಮೂರು ಬದಲಾವಣೆ ಹೇಳಿದೆ. ಮಾಯಾದ್ವಾರದ ಬೆಲೆ ದೂರಕ್ಕೆ ತಕ್ಕಂತೆ ಏರಬೇಕು, ಗುಡ್ಡ ದಾಟಿದರೆ ಇನ್ನೂ ಹೆಚ್ಚು. ದ್ವಾರ ಕೋಟೆಯ ಹೊರಗೆ ತೆರೆಯಬೇಕು, ಒಳಗಲ್ಲ. ಎರಡು ಸರದಿ ಸುಮ್ಮನೆ ಕೂತವರು ಮೂರನೆಯದರಲ್ಲೂ ಏನೂ ಮಾಡದಿದ್ದರೆ ಕೂಡಿಟ್ಟ ಶಕ್ತಿಯ ಅರ್ಧ ಬಾವಿಗೆ ಮರಳಬೇಕು.

"ಡ್ರ್ಯಾಗನ್?" ಎಂದ ನಿಖಿಲ್.

"ಅದನ್ನ ನಿಮ್ಮ ಜೋಡಿ ಬೆಂಗಳೂರಿಗೆ ಒಯ್ರಿ."

ಇರ್ಫಾನ್ ಸಂಖ್ಯೆಗಳನ್ನು ಬದಲಿಸುವಷ್ಟರಲ್ಲಿ ರೇಣುಕಾ ಎಲ್ಲರಿಗೂ ಊರಿನ ಕೆಂಪು ಬಾಳೆಹಣ್ಣು ಹಂಚಿದಳು. ಮೂರನೆಯ ಆಟಕ್ಕೆ ಶಿವಶರಣಪ್ಪ ತಾನೇ ಮುಂದಾಗಿ ಕೂತ. ಈ ಸಲ ಬಾಗಿಲು ತೆರೆದಿಡಲಿಲ್ಲ, ಬೆನ್ನು ಒರಗಿಸಲಿಲ್ಲ. ಘಾಟಿನ ತಿರುವಿನಲ್ಲಿ ದಂಡು ಅಡಗಿಸಿ ರೇಣುಕಾಳನ್ನು ಎರಡು ಸಲ ಹಿಂದಕ್ಕೆ ಅಟ್ಟಿದ. ಅವಳು ಮಂಜು ಕವಿಸಿದಳು. ಅವನು ಘಾಟಿನೊಳಗಿನ ಕೆಳದಾರಿ ಹಿಡಿದ. ಬೆಂಚಿನ ಮೇಲೆ ಇಬ್ಬರೂ ಮುಂದಕ್ಕೆ ಬಾಗಿ, ಮಾತು ಮರೆತು ಆಡಿದರು. ಕೊನೆಗೆ ಮಾಲೀಕನೇ ಸೋತ. ಆದರೆ ಘಾಟಿನಲ್ಲಿ, ಹೊಡೆದಾಡಿ ಸೋತ.

ಸೋತವನು ಹಣೆ ಒರೆಸಿಕೊಂಡು ರೇಣುಕಾಳಿಗೆ ಹೇಳಿದ: "ಇನ್ನೊಂದ್ ಆಟ ಆಡ್ರಿ."

ನಾನು ಸೀಟಿ ಊದಿದೆ. ನಾಲ್ಕು ಗಂಟೆಯಾಗಿತ್ತು. "ಸಾಕು. ಏಳ್ರಿ."

ಮರಳುವಾಗ ಕಾರು ಓಡಿಸಿದವನು ಶಿವಶರಣಪ್ಪ. ಊರು ಹತ್ತಿರವಾದಾಗ, ಸ್ಟೇರಿಂಗ್ ಹಿಡಿದುಕೊಂಡೇ ಕೇಳಿದ: "ಖರೇ ಹೇಳ್ರಿ. ಇಷ್ಟು ದಿನದಾಗ ಒಂದ್ ಆಟರ ನಾ ಖರೇನ ಗೆದ್ದೀನೇನು?"

ಹಿಂದಿನ ಸೀಟಿನಿಂದ ಇರ್ಫಾನ್ ಹೇಳಿದ: "ಒಂದ್ ಸಲ ನನಗ ಜ್ವರ ಬಂದಿತ್ತು ನೋಡ್ರಿ ಸಾವ್ಕಾರ್ರ, ಅವತ್ತು."

ಸುಜಾತಾಳ ನಗು ತಡೆಯಲಾಗದೆ ಸಿಡಿಯಿತು. ಮಾಲೀಕ ಕನ್ನಡಿಯಲ್ಲಿ ಅವಳನ್ನು ನೋಡಿದ. ನಗಲಿಲ್ಲ. "ನಕ್ಷಾ ಇರಲಿ," ಎಂದ. "ಮಾಡಿದಾಕಿನೂ ಇರಲಿ." ಅವನಿಂದ ಅದಕ್ಕಿಂತ ದೊಡ್ಡ ಮಾತು ನಾನು ಶಾಲೆಯಲ್ಲೂ ಕೇಳಿರಲಿಲ್ಲ.

ನಿಖಿಲನನ್ನು ಸ್ಟೇಶನ್ ಬಜಾರಿನ ಲಾಡ್ಜಿನ ಮುಂದೆ ಇಳಿಸಿದೆವು. ಇಳಿಯುತ್ತ ಅವನು, "ಓವರ್‌ಆಲ್ ಗುಡ್ ಲರ್ನಿಂಗ್" ಎಂದ. ಏನು ಕಲಿತ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಇನ್ನೊಂದು ಕಂಬದ ಚಿತ್ರ ತೋರಿಸುತ್ತಿದ್ದ.

ಮೈದಾನ ನನಗೆ ಕಲಿಸಿದ್ದನ್ನು ಆ ಶನಿವಾರ ಮತ್ತೆ ಗಟ್ಟಿ ಮಾಡಿತು. ಗೆದ್ದವನ ಮುಖ ನೋಡಿ ಆಟವನ್ನು ಅಳೆಯಬಾರದು. ಸೋತವನು ಇನ್ನೊಂದು ಆಟ ಕೇಳಿದರೆ ಅಂಗಳ ಸರಿಯಿದೆ, ನಿಯಮ ಸರಿಯಿದೆ. ಕೇಳದಿದ್ದರೆ, ಅಂಗಳ ಅಗೆಯುವ ಮೊದಲು ಅಲ್ಲಿ ಯಾರು ಯಾರಿಗೆ ಹೆದರುತ್ತಾರೆಂದು ನೋಡಬೇಕು.

ಆರಕ್ಕೆ ಹತ್ತು ನಿಮಿಷ ಇರುವಾಗ ಆಟದ ಕೊನೆಯ ರೂಪ ಹೋಯಿತು. ಸುಜಾತಾ, ಇರ್ಫಾನ್ ಮನೆಗೆ ಹೊರಟರು. ನನಗೆ ಇನ್ನೊಂದು ಕೆಲಸವಿತ್ತು. ಆ ಮೆತ್ತೆಯ ಕುರ್ಚಿಯನ್ನು ತಳ್ಳಿಕೊಂಡು ಹೊರಗೆ ತಂದೆ. ಮೆಟ್ಟಿಲಿನ ಬಳಿ ಶಿವಶರಣಪ್ಪ ಎದುರಾದ. ಕುರ್ಚಿ ನೋಡಿದ, ನನ್ನನ್ನು ನೋಡಿದ. ಆಮೇಲೆ ಬಾಗಿ ಅದರ ಮುಂದಿನ ಕಾಲು ಹಿಡಿದ. ಇಬ್ಬರೂ ಎತ್ತಿಕೊಂಡು ಕೆಳಗಿಳಿದು, ಮಿಲ್ಲಿನ ತೂಕದ ಕೋಣೆಯಲ್ಲಿ ಇಟ್ಟೆವು. ಅವನು ಮರಳುವಾಗ ಅಲ್ಲಿದ್ದ ಒಂದು ಪ್ಲಾಸ್ಟಿಕ್ ಸ್ಟೂಲನ್ನು ಮೇಲಕ್ಕೆ ತಂದು, ಕೂಲರಿನ ಮುಂದೆ ಹಾಕಿದ. ನಾನು ಅದನ್ನು ದಕ್ಷಿಣದ ಸ್ಟೂಲಿನ ಪಕ್ಕ ನಿಲ್ಲಿಸಿ ಎರಡೂ ಒಂದೇ ಎತ್ತರ ಎಂದು ನೋಡಿಕೊಂಡು, ಮರಳಿ ಅದರ ಜಾಗಕ್ಕಿಟ್ಟೆ. ಕೋಣೆಗೆ ಬೀಗ ಹಾಕಿದೆ.