ಗಂಧ ಹಚ್ಚಿದ ಗಿಟಾರು

ದೇವರಾಜನನ್ನು ನಾನು ಮೊದಲು ಕಂಡದ್ದು ಸಿಂಗಸಂದ್ರದ ನಮ್ಮ ಮನೆಯ ಗೇಟಿನ ಬಳಿ. ಅಕ್ಕಿಚೀಲದಿಂದ ಹೊಲಿದ ಉದ್ದನೆಯ ಗವಸೊಂದನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ.

"ಸಾರ್, ನೀವು ಕನ್ನಡ ಮೇಷ್ಟ್ರಂತೆ. ನಾನು ಬರ್ದಿರೋದು ಪದ್ಯಾನೋ ಅಲ್ವೋ, ಸ್ವಲ್ಪ ಹೇಳ್ಬೇಕು."

"ಓದಪ್ಪ, ಕೇಳೋಣ" ಎಂದೆ.

"ಓದಕ್ಕೆ ನಾಚ್ಕೆ ಸಾರ್. ಬಾರಿಸ್ಕೊಂಡು ಹೇಳ್ತೀನಿ."

ಗವಸಿನಿಂದ ಗಿಟಾರು ಹೊರಬಂತು. ಮೆಟ್ಟಿಲ ಮೇಲೆ ಕುಳಿತು ಹಾಡಿದ:

ಮೊದಲ ಪಾಳಿಯ ಸೂರ್ಯನು ಕೂಡ
ಕಾರ್ಡನು ಒತ್ತಿ ಒಳಗೆ ಬಂದ

ಇಷ್ಟು ವರ್ಷ ಪದ್ಯಪಾಠ ಮಾಡಿದ ನನಗೆ ಹಾಜರಿ ಕಾರ್ಡು ಒತ್ತಿ ಕೆಲಸಕ್ಕೆ ಹೋಗುವ ಸೂರ್ಯ ಎಲ್ಲಿಯೂ ಸಿಕ್ಕಿರಲಿಲ್ಲ. "ಪದ್ಯವೇ ಕಣಯ್ಯ" ಎಂದೆ.

ದೇವರಾಜ ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುತ್ತಿದ್ದ. ಅಲ್ಲಿಯ ಆಯುಧಪೂಜೆಗೆ ಪ್ರತಿವರ್ಷವೂ ಆರ್ಕೆಸ್ಟ್ರಾದವರು ಬಂದು ಸಿನಿಮಾ ಹಾಡು ಹೇಳುವುದು ರೂಢಿ. ಆ ವರ್ಷ ಅವನು ಹಟ ಹಿಡಿದು, ಊಟಕ್ಕೆ ಮುಂಚೆ ತನ್ನ ಪದ್ಯಗಳಿಗೆ ಅರ್ಧ ಗಂಟೆ ಗಿಟ್ಟಿಸಿಕೊಂಡ. ಪ್ಯಾಕಿಂಗ್ ವಿಭಾಗದ ಆಶಾರಾಣಿ ಆ ಪದ್ಯಗಳಿಗೆ ರಟ್ಟಿನ ಮೇಲೆ ಚಿತ್ರ ಬರೆದು ಗೋಡೆಯುದ್ದಕ್ಕೂ ತೂಗುಹಾಕಿದಳು. ಜನ ಕೇಳದಿದ್ದರೆ ಮುಂದಿನ ವರ್ಷದಿಂದ ಮತ್ತೆ ಆರ್ಕೆಸ್ಟ್ರಾವೇ ಎಂದು ಮಾತಾಗಿತ್ತು.

"ಎಲೆ ಹಾಕೋಕ್ಮುಂಚೇನೇ ಎಲ್ರೂ ಎದ್ದೋಗ್ತಾರೆ, ನೋಡ್ಕೋ ಮಗಾ" ಎಂದು ಪಕ್ಕದ ಯಂತ್ರದ ಭಾನುಪ್ರಕಾಶ ಕೆಣಕುತ್ತಿದ್ದನಂತೆ.

ದೇವರಾಜ ಕರೆದನೆಂದು ನಾನೂ ಹೋಗಿದ್ದೆ. ಯಂತ್ರಗಳಿಗೆಲ್ಲ ಬಾಳೆಕಂದು, ಸೇವಂತಿಗೆ ಹಾರ. ಪೂಜೆಗಿಟ್ಟ ಸ್ಪ್ಯಾನರುಗಳ ಸಾಲಿನಲ್ಲಿ ಅವನ ಗಿಟಾರೂ ಇತ್ತು. ಅದನ್ನೂ ಅಲಂಕರಿಸಿದವರು ಕ್ಯಾಂಟೀನಿನ ಬಸಮ್ಮ. ಯಂತ್ರಕ್ಕೆ ಹಚ್ಚಿದಂತೆಯೇ ಅದಕ್ಕೂ ಗಂಧ, ಕುಂಕುಮ ಹಚ್ಚಿದ್ದರು; ಒಂದು ತಂತಿಯನ್ನೂ ಬಿಟ್ಟಿರಲಿಲ್ಲ.

ವೇದಿಕೆ ಹತ್ತಿದ ದೇವರಾಜ ತಂತಿ ಮೀಟಿದ. ನಾದವೇ ಇಲ್ಲ. ಒರೆಸಿದರೆ ಗಂಧಕ್ಕೆ ಕುಂಕುಮ ಬೆರೆತು ಇನ್ನಷ್ಟು ಮೆತ್ತಿಕೊಂಡಿತು. ಹಿಂದಿನ ಸಾಲಿನಲ್ಲಿ ಕೆಲವರು ಏಳತೊಡಗಿದರು.

"ನಾನೇ ಕಣಪ್ಪ ಬಳ್ದಿದ್ದು, ದೃಷ್ಟಿ ಆಗ್ದೇ ಇರ್ಲಿ ಅಂತ" ಎಂದು ಬಸಮ್ಮ ಮುಖ ಸಣ್ಣದು ಮಾಡಿಕೊಂಡರು.

"ಇರ್ಲಿ ಬಿಡಮ್ಮ. ಪೂಜೆ ಆದ್ಮೇಲೆ ಆಯುಧಕ್ಕೆ ರಜ ತಾನೆ?" ಎಂದ ದೇವರಾಜ.

ಜನ ನಕ್ಕರು. ಎದ್ದವರು ಮತ್ತೆ ಕುಳಿತರು. ದೇವರಾಜ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ಅದರ ಮರದ ಮೈಯನ್ನೇ ಬೆರಳಿನಿಂದ ತಟ್ಟುತ್ತಾ ಹಾಡತೊಡಗಿದ. ಅದು ಲೇತಿನ ಲಯ; ಅಲ್ಲಿದ್ದವರಿಗೆಲ್ಲ ಗೊತ್ತಿದ್ದದ್ದೇ. ಸೂರ್ಯ ಕಾರ್ಡು ಒತ್ತುವ ಸಾಲು ಬಂದಾಗ ಯಾರೋ ಸ್ಟೀಲ್ ಲೋಟದ ಮೇಲೆ ತಾಳ ಹಾಕಿದರು. ತಿರುಗಿ ನೋಡಿದರೆ ಭಾನುಪ್ರಕಾಶ.

"ಅದ್ನೇ ಇನ್ನೊಂದ್ಸಲ ಹೇಳು ಗುರು" ಎಂದ ಅವನು.

ಎಲೆ ಹಾಕಿದರೂ ಯಾರೂ ಏಳಲಿಲ್ಲ. ಊಟವಾದ ಮೇಲೆ ಆಶಾರಾಣಿಯ ಒಂದು ಚಿತ್ರದೆದುರು ಜನ ಗುಂಪುಗೂಡಿದರು. ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡು ಸರದಿಯಲ್ಲಿ ನಿಂತ ಸೂರ್ಯ. "ನಮ್ ಡಿಪಾರ್ಟ್‌ಮೆಂಟಿನವ್ನೇ" ಎಂದರು ಒಬ್ಬರು. ಪಾಠ ಹೇಳಿಕೊಡದೆಯೇ ನನಗೆ ಆ ದಿನ ಗುರುವಿನ ಹೆಮ್ಮೆ ದೊರೆಯಿತು.

ದೇವರಾಜ ಈಗಲೂ ಲೇತ್ ನಡೆಸುತ್ತಾನೆ. ಆಯುಧಪೂಜೆಯ ಅರ್ಧ ಗಂಟೆ ಅವನಿಗೇ ಮೀಸಲು. ಬಸಮ್ಮನವರು ಪ್ರತಿವರ್ಷವೂ "ಇಲ್ಲಿ ಇಡ್ಬೋದೇನಪ್ಪ?" ಎಂದು ಕೇಳಿ, ಮರದ ಮೇಲೆ ಮಾತ್ರ ಬೊಟ್ಟು ಇಡುತ್ತಾರೆ. ಭಾನುವಾರಗಳಂದು ಸಿಂಗಸಂದ್ರದ ಖಾಲಿ ಮಳಿಗೆಯೊಂದರಲ್ಲಿ ಆಶಾರಾಣಿಯ ಚಿತ್ರಗಳ ನಡುವೆ ಅವನ ಹಾಡು; ಬೇರೆ ಕಾರ್ಖಾನೆಗಳವರೂ ಪದ್ಯ ಬರೆದು ತರುತ್ತಾರೆ. ಇದನ್ನು ಬರೆಯುವಾಗ ಅವನು ನಮ್ಮ ಮೆಟ್ಟಿಲ ಮೇಲೆಯೇ ಕುಳಿತು ಗಿಟಾರಿಗೆ ಹೊಸ ತಂತಿ ಕಟ್ಟುತ್ತಿದ್ದಾನೆ. ಪಕ್ಕದಲ್ಲಿ ಭಾನುಪ್ರಕಾಶ, ಲೋಟದೊಂದಿಗೆ.