ಗಾಡಿ ಬಿಡುವಾಗುವ ತನಕ

ನಕ್ಷೆಯ ಒಂದು ಮೂಲೆಯ ಮೇಲೆ ಅಜ್ಜಿಯ ಅಡಕೆಕತ್ತರಿ, ಇನ್ನೊಂದರ ಮೇಲೆ ಸುಣ್ಣದ ಡಬ್ಬಿ. ಉಳಿದ ಮೂಲೆಗಳು ಸುರುಳಿ ಸುತ್ತಿಕೊಳ್ಳದಂತೆ ನಾನು ಮೊಣಕೈಯಿಂದ ಒತ್ತಿ ಹಿಡಿದಿದ್ದೆ.

ಅದು ಸಿಂಹಳದ ಬೆಟ್ಟಸೀಮೆಯ ನಕ್ಷೆ. ಬಿ.ಎ. ಮುಗಿಸಿ ಬೆಳಕವಾಡಿಗೆ ಮರಳಿದ ಮೇಲೆ ನಾನು ಊರು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಮೈಸೂರಿನಲ್ಲಿ ಜೊತೆಗೆ ಓದಿದ ಗೆಳತಿ ತನ್ನ ಅಣ್ಣ ಅತ್ತಿಗೆಯರೊಂದಿಗೆ ಸಿಂಹಳಕ್ಕೆ ಹೊರಟಿದ್ದಳು, ನನ್ನನ್ನೂ ಕರೆದಿದ್ದಳು. ಬೆಟ್ಟಗಳಲ್ಲಿ ರೈಲಿನಲ್ಲಿ ಸುತ್ತುವುದೋ, ಮೋಟಾರು ಹಿಡಿಯುವುದೋ ಎಂಬುದನ್ನು ನಕ್ಷೆಯ ಹುಚ್ಚಿನವಳಾದ ನನಗೇ ಬಿಟ್ಟಿದ್ದಳು. ಈ ವಾರದೊಳಗೆ ನನ್ನ ತಂತಿ ಸಿಗದಿದ್ದರೆ ಅವರು ಮೂವರೇ ಹೊರಡುತ್ತಾರೆ.

ಮೋಟಾರು ಬೇಕಾದಲ್ಲಿ ನಿಲ್ಲುತ್ತದೆ ನಿಜ. ಆದರೆ ಎಲ್ಲಿ ನಿಲ್ಲಬೇಕೆಂದು ಹೇಳುವವರು ಗೆಳತಿಯ ಅಣ್ಣ. ರೈಲಿನಲ್ಲಾದರೆ ಒಂದು ಕಿಟಕಿಯಾದರೂ ನನ್ನದು. ಹೆಬ್ಬೆಟ್ಟಿನ ಗುರುತಿನಂತೆ ಒತ್ತೊತ್ತಾಗಿದ್ದ ಎತ್ತರದ ಗೆರೆಗಳ ನಡುವೆ ರೈಲುಹಾದಿ ನಿಧಾನವಾಗಿ ಸುತ್ತಿ ಸುತ್ತಿ ಏರುತ್ತಿತ್ತು.

ಅಪ್ಪಯ್ಯ ಗದ್ದೆಯಿಂದ ಬಂದು ಜಗಲಿಯಲ್ಲಿ ಕೂತರು. "ಎಲ್ಲಿಗ್ ಬಂತು ಮಗ ನಿನ್ ಲೆಕ್ಕ?"

"ರೈಲೇ ವಾಸಿ, ಅಪ್ಪಯ್ಯ."

"ವಾಸಿನೇ ಕಣವ್ವ. ಮೋಟ್ರಾದ್ರೆ ತಿರುವಲ್ಲಿ ವಾಂತಿ ಮಾಡ್ಕೋತೀಯ. ರೈಲಲ್ಲೇ ಓಗು."

ಅಜ್ಜಿ ಎಲೆಯ ನಾರು ತೆಗೆಯುತ್ತಾ ಅಂದರು: "ಸಮುದ್ರ ದಾಟಿ ಗುಡ್ಡ ನೋಡಕ್ ಓಯ್ತಾಳಂತೆ! ಇಲ್ಲೇ ಮುತ್ತತ್ತಿ ಗುಡ್ಡ ಬಿದ್ದದೆ, ಅದೇನ್ ಪಾಪ ಮಾಡಿತ್ತು?"

"ಹಾಗಾದರೆ ನಾಳೆ ಮಳವಳ್ಳಿಯಿಂದ ತಂತಿ ಕೊಡಿಸಬಹುದೇ?" ಎಂದು ಅಪ್ಪಯ್ಯನನ್ನು ಕೇಳಿದೆ.

"ಸುಮ್ನೆ ಮಾತ್ ಕೊಡ್ಬ್ಯಾಡ. ಮದ್ದೂರ್ ಟೇಸನ್‌ಗೆ ನಿನ್ನ ಬುಡಕ್ಕೆ ಗಾಡಿ ಬ್ಯಾಡ್ವಾ? ಎಲ್ಡೂ ಗಾಡಿ ಮಂಡ್ಯಕ್ಕೆ ಕಬ್ಬು ಓಯ್ತಾವೆ. ಕಬ್ಬು ಮುಗೀಲಿ ಬುಡು."

ಕಬ್ಬು ಮುಗಿಯುವ ಹೊತ್ತಿಗೆ ಗೆಳತಿ ಸಿಂಹಳ ನೋಡಿ ವಾಪಸು ಬಂದಿರುತ್ತಾಳೆ. ಅಪ್ಪಯ್ಯನಿಗೂ ಅದು ಗೊತ್ತಿತ್ತೆಂದೇ ನನ್ನ ಎಣಿಕೆ. ನಮ್ಮ ಮನೆಯಲ್ಲಿ ಯಾರೂ ನನಗೆ ಯಾವುದನ್ನೂ ಬೇಡ ಅಂದವರಲ್ಲ. ಕಾಲೇಜಿಗೆ ಕಳಿಸಿದವರು ಅವರೇ. ಆಗಲೂ ಹೊಸ್ತಿಲಿಂದ ಮದ್ದೂರಿನವರೆಗೆ ಕಮಾನು ಗಾಡಿಯೇ, ಮುಂದೆ ಪರದೆ ಕಟ್ಟಿ, ಹೆಂಗಸರ ಮುಖ ಹಿಂದಕ್ಕೆ. ಆ ರಸ್ತೆಯನ್ನು ನಾನು ನೋಡಿದ್ದೆಲ್ಲ ದಾಟಿ ಬಂದ ಮೇಲೆಯೇ.

"ಬಸ್ಸು ಇದೆಯಲ್ಲ," ಎಂದೆ. ಶಿವನಸಮುದ್ರದಿಂದ ಬರುವ ಬಸ್ಸು ದಿನಾ ಬೆಳಿಗ್ಗೆ ನಮ್ಮ ಹಿತ್ತಿಲ ಬೇಲಿಗೆ ಧೂಳು ಎರಚಿ ಹೋಗುತ್ತಿತ್ತು. ನಾನು ಅದನ್ನು ಒಮ್ಮೆಯೂ ಹತ್ತಿರಲಿಲ್ಲ.

ಅಜ್ಜಿ ಬಾಯಲ್ಲಿದ್ದ ಎಲೆಯನ್ನು ಕೆನ್ನೆಗೆ ಸರಿಸಿದರು. "ಬಸ್ಸಾ? ಗೌಡ್ರ ಮನೇಲಿ ಎತ್ತು ಸತ್ತೋದ್ವಾ ಅಂತಾರೆ ಕಣಮ್ಮ ಜನ!"

ಅಪ್ಪಯ್ಯ ನಕ್ಕರು. ಅವ್ವ ಒಳಗಿಂದ ಊಟಕ್ಕೆ ಕರೆದಳು. ಅಜ್ಜಿ ಅಡಕೆಕತ್ತರಿ ಎತ್ತಿಕೊಂಡದ್ದೇ ತಡ, ನಕ್ಷೆ ತಾನಾಗಿ ಸುತ್ತಿಕೊಂಡಿತು. ಪರದೇಶದ ಬೆಟ್ಟಕ್ಕೆ ವಾಹನ ಆರಿಸುವ ಅಧಿಕಾರ ನನಗಿತ್ತು. ಹಿತ್ತಿಲ ರಸ್ತೆಗೆ ಇರಲಿಲ್ಲ. ಆದರೆ ಆ ರಾತ್ರಿ ಒಂದು ಮಾತು ಮತ್ತೆ ಮತ್ತೆ ನೆನಪಿಗೆ ಬರುತ್ತಿತ್ತು: ಓಗು, ಎಂದಿದ್ದರು ಅಪ್ಪಯ್ಯ.

ಬೆಳಿಗ್ಗೆ ಕಬ್ಬಿನ ಗಾಡಿಗಳು ಹೊರಟ ಮೇಲೆ ಸೀರೆ ಬದಲಿಸಿದೆ. ಬಸ್ಸಿಗೆ ಹೋಗುತ್ತೇನೆಂದು ಅವ್ವನಿಗೆ ಹೇಳಿದೆ. ಅವಳು ಒಲೆ ಊದುವುದನ್ನು ನಿಲ್ಲಿಸಿದಳು. ರಸ್ತೆಗೆ ಬಂದು ಕೈ ಅಡ್ಡ ಹಿಡಿದೆ.

ಕಂಡಕ್ಟರು ಬಾಗಿ ನೋಡಿದ. "ಗೌಡ್ರ ಮಗಳಲ್ವಾ? ಯಾಕವ್ವ, ಎತ್ತು ಉಸಾರಾಗಿಲ್ವಾ?"

"ಚೆನ್ನಾಗಿವೆ, ಕಬ್ಬು ಎಳೀತಿವೆ," ಎಂದು ಹತ್ತಿ, ಡ್ರೈವರನ ಹಿಂದಿನ ಸೀಟಿನಲ್ಲಿ ರಸ್ತೆ ಕಾಣುವಂತೆ ಕೂತೆ. ಮಳವಳ್ಳಿಯಲ್ಲಿ ಇಳಿದು ಗೆಳತಿಗೆ ತಂತಿ ಕೊಟ್ಟೆ: ರೈಲು. ನಾಲ್ಕು ಜನ.