ಏಳದ ಮುಳ್ಳು

ತೊಂಬತ್ತರ ದಶಕದ ಕೊನೆಗೆ ಕೊಟ್ಟೂರಿನಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದ ನಮಗೆಲ್ಲ ಒಂದು ಕೆಟ್ಟ ಜಾಣತನವಿತ್ತು. ಗಾಡಿ ಮಾರುವ ಯೋಚನೆ ಬಂದರೆ ಸಾಕು, ಮೀಟರಿನ ಕೇಬಲ್ ಕಿತ್ತುಬಿಡುತ್ತಿದ್ದೆವು. ಗಾಡಿ ಹರಪನಹಳ್ಳಿ, ಕೂಡ್ಲಿಗಿ ಅಂತ ಊರೂರು ತಿರುಗಿದರೂ ಮೀಟರಿನಲ್ಲಿ ಕಿಲೋಮೀಟರು ಏರುತ್ತಿರಲಿಲ್ಲ, ವೇಗ ತೋರಿಸುವ ಮುಳ್ಳೂ ಏಳುತ್ತಿರಲಿಲ್ಲ. ಕಡಿಮೆ ಓಡಿದ ಗಾಡಿ ಅಂದರೆ ಕೊಳ್ಳುವವರು ಮುಗಿಬೀಳುತ್ತಿದ್ದರು. ನಾನೂ ಒಂದು ವರ್ಷ ಹಾಗೇ ಓಡಿಸಿದೆ. ನನ್ನ ಮೀಟರು ನಲವತ್ತೆರಡು ಸಾವಿರಕ್ಕೆ ನಿಂತಿತ್ತು.

ಗಾಡಿ ನೋಡಲು ಒಬ್ಬರು ಬಂದಾಗ ನಮ್ಮ ಮೆಕ್ಯಾನಿಕ್ ಹತ್ತಿರ ಕರೆದೊಯ್ದೆ. ಅವನು ಬಾನೆಟ್ ಎತ್ತಿ, ಮೀಟರಿನ ಮೇಲೆ ಕಣ್ಣು ಹಾಯಿಸಿ, "ಟೈಮಿಂಗ್ ಬೆಲ್ಟ್ ಅರವತ್ತು ಸಾವಿರಕ್ಕ ಬದ್ಲಿ ಮಾಡಿದ್ರಾತು. ಇನ್ನೂ ಬೇಕಾದಷ್ಟು ಟೈಮ್ ಐತಿ" ಅಂದ. ಗಾಡಿ ಎಂಬತ್ತು ಸಾವಿರ ದಾಟಿದೆ ಅಂತ ನನಗೆ ಗೊತ್ತಿತ್ತು. ಕೊಳ್ಳುವವರು ಪಕ್ಕದಲ್ಲೇ ನಿಂತಿದ್ದರು. ನಾನು ತುಟಿ ಪಿಟಕ್ಕೆನ್ನಲಿಲ್ಲ.

ವ್ಯಾಪಾರ ಕುದುರುವ ಮೊದಲೇ, ಮುಂದಿನ ವಾರ ಹಡಗಲಿಯಿಂದ ಫೋನು. ಅಲ್ಲಿಗೆ ಮದುವೆ ಮಾಡಿಕೊಟ್ಟಿದ್ದ ಅಕ್ಕ ಆಸ್ಪತ್ರೆಯಲ್ಲಿದ್ದಳು, ಉಳಿಯುವ ಹಾಗಿರಲಿಲ್ಲ, ಅವ್ವನನ್ನೇ ಕೇಳುತ್ತಿದ್ದಳು. ಬೆಳಗಿನ ಎಂಟಕ್ಕೆ ಅವ್ವನನ್ನು ಕೂರಿಸಿಕೊಂಡು ಹೊರಟೆ. ಅವಳ ಮಡಿಲಲ್ಲಿ ಗಂಜಿಯ ಡಬ್ಬಿ ಇತ್ತು.

"ಇಷ್ಟು ಜೋರ್ ಹೊಂಟೀವಿ, ಮುಳ್ಳ್ಯಾಕ ಏಳವಲ್ದು?" ಅಂದಳು, ಮೀಟರು ನೋಡುತ್ತ.

"ಕೆಟ್ಟೈತಿ ಬಿಡವ್ವ" ಅಂದೆ.

ಇಟ್ಟಿಗಿ ದಾಟಿದ ಮೇಲೆ ಎಂಜಿನ್ ಸದ್ದಿಲ್ಲದೆ ನಿಂತಿತು. ಕೀಲಿ ತಿರುವಿದರೆ ಹಗುರಾಗಿ ಗಿರ್ರೆಂದಿತು, ಹತ್ತಲಿಲ್ಲ. ಟೈಮಿಂಗ್ ಬೆಲ್ಟೇ ಹರಿದಿತ್ತು, ಅದಿಲ್ಲದೆ ಎಂಜಿನ್ ಓಡುವುದಿಲ್ಲ. ದಾರಿಯಲ್ಲಿ ಮಾಡುವಂಥ ರಿಪೇರಿ ಅಲ್ಲ ಅದು. ಬಸ್ಸಿಗಾಗಿ ಕಾದು ಸಾಕಾಗಿ, ಕೊನೆಗೆ ಈರುಳ್ಳಿ ತುಂಬಿದ ಟ್ರ್ಯಾಕ್ಟರಿನಲ್ಲಿ ಹಡಗಲಿ ಮುಟ್ಟಿದೆವು. ಅಕ್ಕ ಹೋಗಿ ಅರ್ಧ ಗಂಟೆಯಾಗಿತ್ತು.

"ಅವ್ವ ಬಂದ್ಲೇನು ಅಂತ ಬಾಗ್ಲ ಕಡೀಗೇ ನೋಡ್ತಿದ್ಲು" ಅಂದ ಭಾವ. ಅವ್ವ ಗಂಜಿಯ ಡಬ್ಬಿಯನ್ನು ಅಕ್ಕನ ಕೈ ಪಕ್ಕದಲ್ಲಿಟ್ಟಳು. ನನಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನಿಸಿತು.

ದಿನಕರ್ಮವೆಲ್ಲ ಮುಗಿದ ಮೇಲೆ ಮೆಕ್ಯಾನಿಕ್ ಮನೆಗೆ ಬಂದ. ಅವ್ವನ ಮುಂದೆ ಕುಕ್ಕರಗಾಲಲ್ಲಿ ಕೂತು ಕೈ ಮುಗಿದ. "ಇನ್ನೂ ಟೈಮ್ ಐತಿ ಅಂದಾಂವ ನಾನ ಅವ್ವಾರ. ಮೀಟರ್ ನಂಬಿದೆ, ಕವರ್ ಬಿಚ್ಚಿ ಬೆಲ್ಟ್ ನೋಡ್ಲಿಲ್ಲ. ನಲವತ್ತೆರಡು ಸಾವಿರಕ್ಕ ಹರೀತೈತಿ ಅಂತ ಅನಸ್ಲಿಲ್ರಿ."

ಅವ್ವ ಕಣ್ಣೊರೆಸಿಕೊಂಡಳು. "ಅದೇನ್ ಗಾಡಿನೋ ಯಪ್ಪಾ. ಇಟ್ಟಿಗಿ ಮುಟ್ಟೋತನಕ ಆ ಮೀಟರಿನ ಮುಳ್ಳು ಸೈತ ಏಳ್ಲಿಲ್ಲ."

ಅವನು ಥಟ್ಟನೆ ನನ್ನ ಕಡೆ ತಿರುಗಿದ. ಕೇಬಲ್ ಕೀಳುವ ನಮ್ಮ ಜಾಣತನ ಅವನಿಗೆ ತಿಳಿಯದ್ದಲ್ಲ, ನನ್ನ ಮೇಲೆ ಮಾತ್ರ ಅನುಮಾನ ಪಟ್ಟಿರಲಿಲ್ಲ. ಎಲ್ಲ ಅರ್ಥವಾಯಿತು. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಅವನು ನನಗಾಗಿ ಸ್ವಲ್ಪ ಹೊತ್ತು ಕಾದ, ಆಮೇಲೆ ತಲೆ ತಗ್ಗಿಸಿ, "ತಪ್ಪು ನಂದ್ರಿ ಅವ್ವಾರ" ಅಂದ.

"ನಿಂದೇನೂ ಇಲ್ಲ ಬಿಡಪ್ಪ" ಅಂತ ಅವ್ವ ಅವನ ತಲೆ ಸವರಿ, ಚಹಾ ಮಾಡಲು ಒಳಗೆ ಹೋದಳು.

ಅದಾದ ಮೇಲೆ ಅವ್ವ ಹನ್ನೊಂದು ವರ್ಷ ನನ್ನ ಜೊತೆಗೇ ಇದ್ದಳು. ನಾನು ಹೇಳಲೇ ಇಲ್ಲ.